ಕೊಡೆ ವಿಮಾನ ನಮ್ಮನ್ನು ಬಿಟ್ಟುಹೋದ ದ್ವೀಪ

ಕೊಳ್ಳೇಗಾಲ

ವಿಯೆಟ್ನಾಂ ದೇಶದ ಫು ಕ್ವೋಕ್ ಎಂಬ ದ್ವೀಪಕ್ಕೆ ನನ್ನನ್ನು ಕರೆದುಕೊಂಡು ಹೋದ ವಿಮಾನ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ, ಆ ಹೆಸರಿನ ಕಂಪನಿ ಈಗ ಇಲ್ಲ. ಅದರ ಬಾಲದ ಮೇಲೆ ಹಳದಿ ಕೊಡೆಯೊಂದರ ಚಿತ್ರವಿತ್ತು, ಸಮುದ್ರದ ದಡದಲ್ಲಿ ನೆಟ್ಟಿರುತ್ತಾರಲ್ಲ, ಅಂಥದು. ನಮ್ಮ ಗುಂಪಿನವರೆಲ್ಲ ಅದನ್ನು ಕೊಡೆ ವಿಮಾನ ಎಂದೇ ಕರೆದೆವು. ಈಗಲೂ ಅಂಗಡಿಗೆ ಬಂದವರು "ಫಾರಿನ್ನಿಗೆ ಓಗಿದ್ರಂತಲ್ಲ ಸಾ, ಎಂಗಿತ್ತು?" ಎಂದು ಕೇಳಿದರೆ ಆ ಕೊಡೆ ಕಣ್ಣಮುಂದೆ ಬಂದು ನನ್ನ ಮೈ ಉರಿಯುತ್ತದೆ. ಎಲ್ಲರಿಗೂ ಒಂದೇ ಸಲ ಹೇಳಿ ಮುಗಿಸೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಕೊಳ್ಳೇಗಾಲದಲ್ಲಿ ಗೊಬ್ಬರ ಮತ್ತು ಬೆಳೆ ಔಷಧಿಯ ಅಂಗಡಿ. ಹುಟ್ಟೂರು ಯಳಂದೂರು ತಾಲ್ಲೂಕಿನ ಮಾಂಬಳ್ಳಿ. ಹುಳದ ಔಷಧಿ ತಯಾರಿಸುವ ಕಂಪನಿಗಳು ಚೆನ್ನಾಗಿ ಮಾರಿದ ಅಂಗಡಿಯವರನ್ನು ವರ್ಷಕ್ಕೊಮ್ಮೆ ಎಲ್ಲಿಗಾದರೂ ಕರೆದುಕೊಂಡು ಹೋಗುತ್ತವೆ. ರೈತ ಹುಳದ ಕಾಟಕ್ಕೆ ತಲೆ ಮೇಲೆ ಕೈ ಹೊತ್ತು ಕೂತ ವರ್ಷವೇ ನಮಗೆ ಸಮುದ್ರ ನೋಡುವ ಯೋಗ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಸಲ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ಸೇರಿ ಎಂಟು ಜನ ಹೊರಟೆವು.

ಗುಂಪಿಗೆ ಹಿರಿಯರು ಹನೂರಿನ ಪುಟ್ಟಮಾದಪ್ಪನವರು. ಅವರದೂ ಔಷಧಿ ಅಂಗಡಿಯೇ, ಆದರೆ ಅವರಿಗಿರುವ ಮರ್ಯಾದೆ ಅಂಗಡಿಯಿಂದ ಬಂದದ್ದಲ್ಲ. ಪ್ರತಿ ವರ್ಷ ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಗುಂಪಿಗೆ ಅವರೇ ಯಜಮಾನರು. ಆ ನಡಿಗೆಗೆ ಒಂದು ಕಟ್ಟುಪಾಡಿದೆ. ಜೊತೆಯಲ್ಲಿ ಹೊರಟವರು ಜೊತೆಯಲ್ಲೇ ವಾಪಸ್ಸು ಬರಬೇಕು. ಒಬ್ಬನ ಕಾಲಿಗೆ ಬೊಬ್ಬೆ ಬಂದರೆ ಎಲ್ಲರೂ ಕೂರಬೇಕು, ಒಬ್ಬನಿಗೆ ಜ್ವರ ಬಂದರೆ ಎಲ್ಲರೂ ಕಾಯಬೇಕು. ಮುಂಚೆ ಬಂದವನನ್ನು ಅವನ ಹೆಂಡತಿಯೇ ಬಾಗಿಲಲ್ಲಿ ನಿಲ್ಲಿಸಿ ಉಳಿದವರೆಲ್ಲಿ ಎಂದು ಕೇಳುತ್ತಾಳೆ. ನಾನೂ ಆ ಗುಂಪಿನಲ್ಲಿ ನಡೆದವನು. ಒಂದು ವರ್ಷ ತಾಳುಬೆಟ್ಟದ ಹತ್ತಿರ ನನ್ನ ಮಂಡಿ ಹಿಡಿದುಕೊಂಡಾಗ ಇಡೀ ಗುಂಪು ನನಗಾಗಿ ಮರದ ಕೆಳಗೆ ಕೂತಿತ್ತು. ಒಬ್ಬರೂ ಗೊಣಗಲಿಲ್ಲ.

ಹೊರಡುವ ಮುನ್ನ ಮಧುವನಹಳ್ಳಿಗೆ ಹೋಗಿ ಅಕ್ಕನಿಗೆ ಹೇಳಿ ಬಂದೆ. ರಾಜಮ್ಮ ನನ್ನ ಒಬ್ಬಳೇ ಅಕ್ಕ, ನಾನು ಅವಳಿಗೆ ಒಬ್ಬನೇ ತಮ್ಮ. ಅವಳ ಮಗಳು ಪವಿತ್ರಳ ಮದುವೆ ಗೊತ್ತಾಗಿತ್ತು. ನಾವು ವಾಪಸ್ಸು ಬರುವ ದಿನಕ್ಕೂ ಧಾರೆಗೂ ನಡುವೆ ಮೂರು ದಿನ ಇತ್ತು. ನಮ್ಮ ಕಡೆ ಮದುವೆಯಲ್ಲಿ ಸೋದರಮಾವನ ಕೆಲಸ ಸೋದರಮಾವನದೇ. ಚಪ್ಪರಕ್ಕೆ ಹಾಲುಗಂಬ ತರುವವನು ಅವನು, ಹೆಣ್ಣಿನ ಕೈ ಹಿಡಿದು ಮಂಟಪಕ್ಕೆ ಕರೆತಂದು ಕೂರಿಸುವವನು ಅವನು.

"ಮದ್ವೆ ಮನೇಲಿಟ್ಕಂಡು ಕಡಲ್ ದಾಟಿ ಓಯ್ತೀನಿ ಅಂತೀಯಲ್ಲಾ, ನಿಂಗೆ ಬುದ್ದಿ ನೆಟ್ಟಗದಾ?" ಎಂದಳು ಅಕ್ಕ.

"ಮೂರ್ ದಿನ ಮುಂಚೇಲೇ ಬತ್ತೀನಿ ಕಣಕ್ಕ. ಓಗಾಕೂ ಟಿಕೆಟ್ ಅದೆ, ಬರಾಕೂ ಅದೆ."

"ಅದೇನೋ ನಂಗೊತ್ತಿಲ್ಲ. ನೀನ್ ಕೈ ಇಡೀದೆ ಆ ಕೂಸು ಮಂಟಪಕ್ಕೆ ಬರಕಿಲ್ಲ. ಗ್ಯಾನ ಇರ್ಲಿ."

ಅವಳು ಹಾಗೆಂದದ್ದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕಾಫಿ ಕುಡಿದು, ಪವಿತ್ರಳ ಬೆನ್ನು ತಟ್ಟಿ ಬಂದೆ.

ಆಕಾಶ

ಕೊಡೆ ವಿಮಾನ ವರ್ಷವಿಡೀ ಹಾರುವ ವಿಮಾನವಲ್ಲ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಸ್ಪೆಷಲ್ ಬಸ್ಸು ಬಿಡುತ್ತಾರಲ್ಲ, ಹಾಗೆ ಸೀಸನ್ನಿನಲ್ಲಿ ಮಾತ್ರ ರಜೆಯ ಊರುಗಳಿಗೆ ಹೋಗಿ ಬರುತ್ತದೆ. ಟಿಕೆಟ್ಟನ್ನು ನಾವು ನೀವು ಹೋಗಿ ಕೊಳ್ಳುವಂತಿಲ್ಲ. ಟೂರಿನವರು ಇಡೀ ವಿಮಾನವನ್ನೇ ಮದುವೆಗೆ ವ್ಯಾನು ಗೊತ್ತುಮಾಡಿದ ಹಾಗೆ ಗೊತ್ತುಮಾಡುತ್ತಾರೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಹತ್ತುವಾಗ ವಿಮಾನ ಎಂದರೆ ವಿಮಾನ ಎಂದುಕೊಂಡಿದ್ದೆ.

ಒಳಗೆ ಹೋಗಿ ಕೂತರೆ ಸೀಟಿನ ಕೈ ಮೇಲೆ ಒಂದು ಸ್ಟಿಕ್ಕರು, ಅದರ ಕೆಳಗೆ ಇನ್ನೊಂದು ಕಂಪನಿಯ ಸ್ಟಿಕ್ಕರು. ನನ್ನ ಪಕ್ಕದಲ್ಲಿ ರಾಮಾಪುರದ ಸೆಲ್ವರಾಜು ಕೂತಿದ್ದ. ಸ್ಪ್ರೇಯರ್ ಮಾರುವವನು, ಮಾತಿನಲ್ಲಿ ಅರ್ಧ ತಮಿಳು. ಅವನು ಉಗುರಿನಿಂದ ಅದನ್ನೂ ಕೆರೆದ. ಅದರ ಕೆಳಗೆ ಮೂರನೆಯದು.

"ಇದು ಎಷ್ಟ್ ಕೈ ಮಾರಿದ್ ವಂಡೀನೋ ಅಣ್ಣಾ," ಎಂದ. "ನಮ್ ಊರಲ್ಲಿ ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರ್ ಮೇಲೂ ಇಷ್ಟ್ ಎಸ್ರು ಇರಲ್ಲ."

ಅದೇ ವಿಮಾನ ಬೇಸಿಗೆಯಲ್ಲಿ ಚಳಿ ದೇಶದ ಬಿಳಿಯರನ್ನು ಬಿಸಿಲು ಕಾಯಿಸಲು ಹೊತ್ತುಕೊಂಡು ಹೋಗುತ್ತಿತ್ತಂತೆ. ಸೀಟಿನ ಮುಂದಿನ ಜೇಬಿನಲ್ಲಿದ್ದ ಕಾಗದ ಅವರ ಭಾಷೆಯಲ್ಲೇ ಇತ್ತು. ಬಿದ್ದರೆ ಏನು ಮಾಡಬೇಕೆಂದು ಚಿತ್ರ ನೋಡಿ ತಿಳಿದುಕೊಳ್ಳಬೇಕಾಯಿತು. ಆದರೂ ಹೇಳಬೇಕು, ಹೋಗುವಾಗ ಅದು ಏನೂ ತೊಂದರೆ ಕೊಡಲಿಲ್ಲ. ಮೋಸ ಮಾಡುವವರು ಮೊದಲ ಸಲ ಚೆನ್ನಾಗಿಯೇ ನಡೆದುಕೊಳ್ಳುತ್ತಾರೆ.

ಫು ಕ್ವೋಕ್

ಇಳಿದ ಕೂಡಲೇ ಪುಟ್ಟಮಾದಪ್ಪನವರನ್ನು ಹಿಡಿದರು. ಅವರ ಕೈಚೀಲದಲ್ಲಿ ಮುಷ್ಟಿ ಗಾತ್ರದ ವಿಭೂತಿ ಗಟ್ಟಿ ಇತ್ತು. ಅಲ್ಲಿಯ ಅಧಿಕಾರಿ ಅದನ್ನು ಮೂಸಿದ, ಬೆರಳಿನಿಂದ ಉಜ್ಜಿದ, ಇನ್ನೊಬ್ಬನನ್ನು ಕರೆದ. ಇನ್ನೊಬ್ಬ ನಾಯಿ ತಂದ. ಯಜಮಾನರು ಕನ್ನಡದಲ್ಲೇ ವಿವರಿಸಿದರು. ಕೊನೆಗೆ ಬೇಸರವಾಗಿ ಗಟ್ಟಿಯನ್ನು ಕಿತ್ತುಕೊಂಡು ಮೂರು ಬೆರಳಿಗೆ ಬಳಿದು ತಮ್ಮ ಹಣೆಗೆ ಹಚ್ಚಿ ತೋರಿಸಿದರು. ಅಧಿಕಾರಿ ಅವರ ಹಣೆ ನೋಡಿದ, ನಮ್ಮೆಲ್ಲರ ಹಣೆ ನೋಡಿದ, ಹೋಗಿ ಎಂದು ಕೈ ಬೀಸಿದ.

ದ್ವೀಪ ಚೆನ್ನಾಗಿತ್ತು. ಸುಳ್ಳು ಹೇಳಬಾರದು. ಆದರೆ ಅಲ್ಲಿ ಮೀನನ್ನು ಉಪ್ಪು ಹಾಕಿ ಮರದ ದೊಡ್ಡ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಕೊಳೆಸಿ ರಸ ತೆಗೆಯುತ್ತಾರೆ. ಆ ವಾಸನೆ ಗಾಳಿಯಲ್ಲಿದೆ, ಹೋಟೆಲಿನ ದಿಂಬಿನಲ್ಲೂ ಇದೆ. ಎಂಟು ಜನ ಲಿಂಗ ಕಟ್ಟಿದವರು ಮೂಗಿಗೆ ಟವೆಲ್ಲು ಒತ್ತಿಕೊಂಡು ಊಟ ಹುಡುಕಿದ ಚಂದವನ್ನು ಏನೆಂದು ಹೇಳಲಿ. ನಮ್ಮನ್ನು ನೋಡಿಕೊಳ್ಳಲು ಗೊತ್ತುಮಾಡಿದ್ದ ಗೈಡ್ ಹೆಂಗಸಿನ ಹೆಸರು ಲಾನ್. ಅವಳು ಬುದ್ಧನ ಗುಡಿಯ ಹತ್ತಿರ ಒಂದು ಹೋಟೆಲು ತೋರಿಸಿಕೊಟ್ಟಳು. ಅಲ್ಲಿಯ ಜನ ಹುಣ್ಣಿಮೆ ಅಮಾವಾಸ್ಯೆಗೆ ಮಾಂಸ ಬಿಡುತ್ತಾರಂತೆ. ಸೊಪ್ಪು, ಅಣಬೆ, ಸಪ್ಪೆ ಅನ್ನ. ನಾವು ಒಯ್ದಿದ್ದ ಚಟ್ನಿಪುಡಿ ಸುರಿದುಕೊಂಡು ತಿಂದೆವು. ಹೋಟೆಲಿನ ಮುದುಕಿ ಒಂದು ಚಿಟಿಕೆ ರುಚಿ ನೋಡಿ ಕೆಮ್ಮಿ ಕಣ್ಣೀರು ಹಾಕಿಕೊಂಡಳು. ಆಮೇಲೆ ಇನ್ನೊಂದು ಚಿಟಿಕೆ ಕೇಳಿದಳು.

ಮಧ್ಯಾಹ್ನವಾದರೆ ಅಂಗಡಿಯವರೆಲ್ಲ ಅಂಗಡಿಯೊಳಗೇ ಹಗ್ಗದ ತೂಗುಯ್ಯಾಲೆ ಕಟ್ಟಿಕೊಂಡು ಮಲಗಿಬಿಡುತ್ತಾರೆ. ಗಿರಾಕಿ ಬಂದರೆ ಒಂದು ಕಣ್ಣು ತೆರೆಯುತ್ತಾರೆ. ಗಿರಾಕಿ ಕೊಳ್ಳುವ ಮುಖದವನಲ್ಲ ಅನ್ನಿಸಿದರೆ ಅದನ್ನೂ ಮುಚ್ಚುತ್ತಾರೆ. ನಮ್ಮ ಅಂಗಡಿಯಲ್ಲಿ ನಾನು ಹಾಗೆ ಮಾಡಿದರೆ ಊರೆಲ್ಲ ಸುದ್ದಿಯಾಗುತ್ತದೆ. ಮೆಣಸಿನ ತೋಟಕ್ಕೂ ಕರೆದುಕೊಂಡು ಹೋದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಕಡೆ ಮೆಣಸಿನ ಬಳ್ಳಿ ಮರಕ್ಕೆ ಹಬ್ಬಿದರೆ ಅಲ್ಲಿ ನೆಟ್ಟ ಕಂಬಕ್ಕೆ ಹಬ್ಬಿಸಿದ್ದಾರೆ. ಉಳಿದ ಟೂರಿನವರು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಾವು ಎಂಟೂ ಜನ ಎಲೆ ಮಗುಚಿ ಹುಳ ಹುಡುಕುತ್ತಿದ್ದೆವು. ಹುಳ ಇತ್ತು. ಸಿಕ್ಕಿದ ಮೇಲೆ ಎಲ್ಲರ ಮುಖದಲ್ಲೂ ಗೆಲುವು ಬಂತು.

ವಿಮಾನ ನಿಲ್ದಾಣ

ಹೊರಡುವ ದಿನ ನಿಲ್ದಾಣಕ್ಕೆ ಹೋದರೆ ಕೊಡೆ ವಿಮಾನದ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಹಿಂದಿನ ಗೋಡೆಯಲ್ಲಿದ್ದ ಕೊಡೆಯ ಚಿತ್ರವನ್ನು ಕಿತ್ತಿದ್ದರು, ಅಂಟಿನ ಗುರುತು ಮಾತ್ರ ಉಳಿದಿತ್ತು. ಕೌಂಟರಿನ ಮುಂದೆ ನಮ್ಮ ಜೊತೆ ಬಂದಿದ್ದ ಬೇರೆ ಊರುಗಳ ಜನ ಗುಂಪುಗಟ್ಟಿ ಫೋನು ನೋಡುತ್ತಿದ್ದರು. ಲಾನ್ ಓಡಾಡಿ ವಿಚಾರಿಸಿ ಬಂದು ಹೇಳಿದಳು. ಕಂಪನಿ ಮುಚ್ಚಿಹೋಗಿದೆ. ವಿಮಾನಗಳು ಅವರ ಸ್ವಂತದ್ದಲ್ಲ, ಬಾಡಿಗೆಗೆ ಕೊಟ್ಟವರು ಹಿಡಿದುಕೊಂಡಿದ್ದಾರೆ. ಯಾರೂ ಬರುವುದಿಲ್ಲ, ಯಾರೂ ಫೋನು ಎತ್ತುವುದಿಲ್ಲ.

ನಮ್ಮ ಕಡೆ ಖಾಸಗಿ ಬಸ್ಸು ರಾಮಾಪುರ ದಾಟಿದ ಮೇಲೆ ಕಾಡಿನ ರಸ್ತೆಯಲ್ಲಿ ಕೆಟ್ಟು ನಿಂತರೆ ಏನಾಗುತ್ತದೆ? ಕಂಡಕ್ಟರು ಇಳಿಯುತ್ತಾನೆ. ಬಾಯಿಗೆ ಬಂದಂತೆ ಬೈಸಿಕೊಳ್ಳುತ್ತಾನೆ. ಬಿಸಿಲಲ್ಲಿ ನಮ್ಮ ಜೊತೆಯೇ ನಿಂತು, ಹಿಂದೆ ಬರುವ ಬಸ್ಸಿಗೆ ಅಡ್ಡ ಕೈ ಹಾಕಿ, ಆ ಕಂಡಕ್ಟರಿನ ಹತ್ತಿರ ಜಗಳವಾಡಿ ನಮ್ಮನ್ನು ಹತ್ತಿಸಿ ಕಳಿಸುತ್ತಾನೆ. ಮುದುಕಿಯರನ್ನು ಕೊನೆಯವರೆಗೂ ನೋಡಿಕೊಳ್ಳುತ್ತಾನೆ. ಇಷ್ಟು ದೊಡ್ಡ ವಿಮಾನ ಹಾರಿಸಿದವರಲ್ಲಿ ಎದುರು ಬಂದು ಬೈಸಿಕೊಳ್ಳುವ ಒಬ್ಬ ಕಂಡಕ್ಟರ್ ಇರಲಿಲ್ಲ. ನನಗೆ ಇವತ್ತಿಗೂ ಉರಿಯುವುದು ಅದು. ಕಂಪನಿ ಮುಳುಗಲಿ, ವ್ಯಾಪಾರವೆಂದ ಮೇಲೆ ಮುಳುಗುತ್ತದೆ. ಆದರೆ ಬಂದು ನಿಂತು ಒಂದು ಮಾತು ಹೇಳುವುದಕ್ಕೂ ಅವರಿಗೆ ಮುಖವಿರಲಿಲ್ಲ.

ಬೈಗುಳವೆಲ್ಲ ಲಾನ್ ಪಾಲಿಗೆ ಬಂತು. ಯಾವುದೋ ಊರಿನವನೊಬ್ಬ ಅವಳ ಕುತ್ತಿಗೆಯ ಗುರುತಿನ ಚೀಟಿ ಹಿಡಿದು ಎಳೆದ. ಅವಳಿಗೂ ಇನ್ನು ಆ ಸೀಸನ್ನಿನ ಕೆಲಸವಿಲ್ಲ ಎಂದು ನಮಗೆ ತಿಳಿದದ್ದು ಸಂಜೆಗೆ. ಆದರೂ ಬಿಟ್ಟು ಹೋಗಲಿಲ್ಲ. ನಮ್ಮನ್ನು ವಾಪಸ್ಸು ಹೋಟೆಲಿಗೆ ಕರೆದುಕೊಂಡು ಹೋದಳು.

ಹೋಟೆಲಿನ ಅಂಗಳ

ಮರುದಿನ ಬೆಳಿಗ್ಗೆ ನಾವು ಅಂಗಳದ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತಿದ್ದೆವು. ನಮ್ಮೂರಿನ ಬಚ್ಚಲ ಮನೆಯಲ್ಲಿ ಇಡುವಂಥ ಸ್ಟೂಲುಗಳು, ಅಲ್ಲಿ ಊಟಕ್ಕೂ ಅವೇ. ಲಾನ್ ಓಡಿ ಬಂದಳು. ಬೆಂಗಳೂರಿನಲ್ಲಿರುವ ನಮ್ಮ ಔಷಧಿ ಕಂಪನಿಯ ಮ್ಯಾನೇಜರು ಫೋನಿನಲ್ಲಿದ್ದ. ಬೇರೊಂದು ಕಂಪನಿಯ ವಿಮಾನದಲ್ಲಿ ಅವತ್ತಿಗೆ ನಾಲ್ಕು ಸೀಟು ಸಿಕ್ಕಿದೆ, ಉಳಿದ ನಾಲ್ವರಿಗೆ ನಾಳೆಯೋ ನಾಡಿದ್ದೋ, ಯಾರು ಹೋಗುತ್ತೀರಿ ಬೇಗ ಹೇಳಿ ಎಂದ. ಅವತ್ತೇ ಹೊರಟರೆ ಮದುವೆಯ ಹಿಂದಿನ ದಿನ ಊರು. ಹಾಲುಗಂಬಕ್ಕೂ ಸಿಗುತ್ತಿದ್ದೆ, ಧಾರೆಗೂ ಸಿಗುತ್ತಿದ್ದೆ.

ಎಂಟೂ ಜನಕ್ಕೆ ನನ್ನ ಮನೆಯ ಮದುವೆ ಗೊತ್ತು. ಎಲ್ಲರಿಗೂ ನಾನೇ ಕರೆಯೋಲೆ ಕೊಟ್ಟಿದ್ದೆ. ಲಾನ್‌ಗೂ ಗೊತ್ತಿತ್ತು, ಪವಿತ್ರಳಿಗೆಂದು ಮುತ್ತಿನ ಓಲೆ ಆರಿಸಿಕೊಟ್ಟವಳು ಅವಳೇ. ಅವಳು ನನ್ನ ಕಡೆ ಬೆರಳು ತೋರಿಸಿ ಇವರು ಮೊದಲು ಎಂದಳು. ನಾನು ಪುಟ್ಟಮಾದಪ್ಪನವರ ಮುಖ ನೋಡಿದೆ.

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಾಕ್ ಜನ ಅಂದ್ರೆ ಯಾವ್ ನಾಕ್ ಜನ?"

"ಗುರುಸ್ವಾಮಿ ಅಣ್ಣನ್ನ ಕಳ್ಸ್‌ಬುಡುವಾ ಯಜಮಾನ್ರೇ," ಎಂದ ಸೆಲ್ವರಾಜು, ನನ್ನ ಕಡೆ ಕೈ ತೋರಿಸಿ. "ಪಾವಂ, ಮದ್ವೆ ಮನೆ."

"ಸರಿ. ಉಳ್ದ್ ಮೂರ್ ಯಾರು?"

ಅಷ್ಟೇ. ಅದೊಂದು ಮಾತು ಸಾಕಾಯಿತು. ಒಬ್ಬನ ರೇಷ್ಮೆ ಹುಳು ಗೂಡಿಗೆ ಬಂದಿತ್ತು, ಹೆಂಗಸರಿಂದ ಆಗುವ ಕೆಲಸವಲ್ಲ. ಇನ್ನೊಬ್ಬನ ಹಸು ದಿನ ತುಂಬಿತ್ತು. ಮತ್ತೊಬ್ಬನ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುವುದರಲ್ಲಿತ್ತು. ಒಂದು ಗಳಿಗೆಗೆ ಮುಂಚೆ ಸುಮ್ಮನೆ ಕೂತಿದ್ದವರಿಗೆಲ್ಲ ಒಂದೊಂದು ತುರ್ತು ಹುಟ್ಟಿಕೊಂಡಿತು. ಒಬ್ಬರ ತುರ್ತನ್ನು ಇನ್ನೊಬ್ಬರು ತೂಗಿ ನೋಡತೊಡಗಿದರು. ಮಾತು ಏರಿತು. ಲಾನ್ ಫೋನು ಹಿಡಿದುಕೊಂಡು ನಿಂತೇ ಇದ್ದಳು.

ಪುಟ್ಟಮಾದಪ್ಪನವರು ಕೈ ಎತ್ತಿದರು. "ನೋಡ್ರಪ್ಪ, ಇದು ಕಿತ್ತಾಡೋ ಮಾತಾಯ್ತದೆ. ಒಬ್ನ್ ಕಳ್ಸಿ ಇನ್ನೊಬ್ನ್ ಬುಟ್ರೆ ಬುಟ್ಟೋನ್ ಮನೆಯೋರ್ಗೆ ನಾನ್ ಏನ್ ಜವಾಬ್ ಏಳ್ಲಿ? ಮಾದಪ್ಪನ್ ಬೆಟ್ಟುಕ್ ಓಗ್ಬುಟ್ಟು ಇವತ್ತಿನ್ ಗಂಟ ನಾವು ಯಾರ್ನೂ ಇಂದೆ ಬುಟ್ಟು ಬಂದಿಲ್ಲ. ಜೊತೇಲ್ ಬಂದ್ವಿ, ಜೊತೇಲೇ ಓಗದು. ಎಂಟ್ ಸೀಟು ಸಿಕ್ಕುದ್ ದಿಸ ಒರಡುವಾ."

ನಮ್ಮಲ್ಲಿ ಹಿರಿಯರು ಹಾಗೆ ಹೇಳಿದ ಮೇಲೆ ತನಗಾಗಿ ತಾನೇ ಬಾಯಿ ತೆರೆಯುವವನು ಹಗುರಾಗುತ್ತಾನೆ. ಬೇರೆ ಯಾರಾದರೂ ಅವನ ಪರವಾಗಿ ಹೇಳಬೇಕು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಸೆಲ್ವರಾಜು ನೆಲ ನೋಡುತ್ತಿದ್ದ. ಉಳಿದವರ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು, ತಾನು ಹೋಗದಿದ್ದರೂ ಇನ್ನೊಬ್ಬ ಹೋಗುವುದಿಲ್ಲವಲ್ಲ ಎಂಬ ಸಮಾಧಾನ. ತಾಳುಬೆಟ್ಟದ ಮರದ ಕೆಳಗೆ ನನಗಾಗಿ ಕೂತವರೂ ಅವರಲ್ಲಿದ್ದರು. ಅದನ್ನು ನೆನೆದು ನನ್ನ ಬಾಯಿ ಕಟ್ಟಿಹೋಯಿತು. ಅಲ್ಲಿ ನನಗಾಗಿ ಕೂತದ್ದು ಆ ಕಟ್ಟುಪಾಡಿನಿಂದ, ಇಲ್ಲಿ ನನ್ನನ್ನು ಕೂರಿಸಿದ್ದೂ ಅದೇ ಕಟ್ಟುಪಾಡು.

ಲಾನ್‌ಗೆ ಏನೂ ಅರ್ಥವಾಗಲಿಲ್ಲ. ನಾಲ್ಕು ಸೀಟು ಬೇಡ ಎಂದು ಸೆಲ್ವರಾಜು ತನ್ನ ಇಂಗ್ಲಿಷಿನಲ್ಲಿ ಹೇಳಿದಾಗ ಅವಳು ಎರಡು ಸಲ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಮದುವೆ ನಿಮ್ಮದಲ್ಲವೇ, ನೀವು ಯಾಕೆ ಇವರನ್ನು ನೋಡುತ್ತೀರಿ?" ಎಂದಳು. ನಾನು ಸುಮ್ಮನೆ ನಕ್ಕೆ. ಆ ನಾಲ್ಕು ಸೀಟಿನಲ್ಲಿ ಎರಡು ಹೊಸ ಜೋಡಿಗಳು ಹೋದವು ಎಂದು ಮಧ್ಯಾಹ್ನ ತಿಳಿಯಿತು.

ಅದೇ ಅಂಗಳ, ಮರುದಿನ

ಆ ದಿನ ಊರಿನಲ್ಲಿ ಚಪ್ಪರ. ಅಕ್ಕನ ಫೋನು ಬಂತು. ಹಿಂದೆ ಹೆಂಗಸರ ಸದ್ದು, ಮಸಾಲೆ ಕುಟ್ಟುವ ಸದ್ದು ಕೇಳುತ್ತಿತ್ತು.

"ಏನ್ಲಾ, ಎಲ್ಲಿದ್ದೀಯ?"

"ಇಲ್ಲೇ ಇವ್ನಿ ಅಕ್ಕ. ಸಾಯಂಕಾಲುಕ್ಕೆ ಎಂಟೂ ಜನುಕ್ಕೆ ಸೀಟ್ ಆಯ್ತಂತೆ. ಎಲ್ಡ್ ಕಡೆ ಇಳ್ದು ಅತ್ಬೇಕು. ನಾಳೆ ಮುಂಜಾನೆ ಬೆಂಗಳೂರು."

"ನೆನ್ನೆ ನಾಕ್ ಸೀಟು ಸಿಕ್ಕಿತ್ತಂತಲ್ಲ."

ಯಾರು ಹೇಳಿದರೋ ಗೊತ್ತಿಲ್ಲ. ಎಂಟು ಜನರ ಹೆಂಡತಿಯರೂ ಫೋನಿನಲ್ಲಿದ್ದ ಮೇಲೆ ಸುದ್ದಿ ನಮಗಿಂತ ಮುಂಚೆ ಊರು ಸೇರಿತ್ತು.

"ಸಿಕ್ಕಿತ್ತು. ಎಲ್ರೂ ಜೊತೇಲಿ ಬರದು ಅಂತ ಯಜಮಾನ್ರು ಅಂದ್ರು."

"ಮದ್ವೆ ಯಜಮಾನ್ರ್ ಮನೇದಾ?"

"ಆಲುಗಂಬ ಯಾರ್ ತಂದ್ರಕ್ಕ?" ಎಂದೆ.

"ತಂದ್ರು ಬುಡು," ಎಂದು ಫೋನಿಟ್ಟಳು.

ತಂದವನು ನಮ್ಮ ಚಿಕ್ಕಪ್ಪನ ಮಗ ಎಂದು ಆಮೇಲೆ ನನ್ನ ಹೆಂಡತಿ ಹೇಳಿದಳು. ಮಾಂಬಳ್ಳಿಯ ಹೊಲದ ಬದುವಿನ ವಿಷಯದಲ್ಲಿ ನಾನು ವರ್ಷಗಳಿಂದ ಮಾತು ಬಿಟ್ಟವನು ಅವನು. ಕರೆಯೋಲೆ ಕೊಡುವುದೂ ಬೇಡ ಎಂದು ನಾನೇ ಅಕ್ಕನಿಗೆ ಹೇಳಿದ್ದೆ. ಅವಳು ಅದೇ ಬೆಳಿಗ್ಗೆ ಅವನ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಕರೆದು ಬಂದಳಂತೆ. ನನಗೆ ಆ ದಿನ ಸಮುದ್ರದ ಕಡೆ ಮುಖ ಹಾಕಲೂ ಆಗಲಿಲ್ಲ. ಅಷ್ಟು ನೀಲಿ, ಅಷ್ಟು ಚೆಂದ ಇದ್ದದ್ದೇ ನನ್ನನ್ನು ಹಂಗಿಸುತ್ತಿರುವಂತೆ ಕಂಡಿತು.

ಛತ್ರ

ಬೆಂಗಳೂರಿನಲ್ಲಿ ಇಳಿದಾಗ ಬೆಳಗಾಗಿತ್ತು. ಔಷಧಿ ಕಂಪನಿಯವರು ವ್ಯಾನು ಕಳಿಸಿದ್ದರು. ಕನಕಪುರ ದಾಟುವಾಗ ಮುಹೂರ್ತ ಶುರುವಾಯಿತು, ಮಳವಳ್ಳಿ ದಾಟುವಾಗ ಮುಗಿಯಿತು. ಹೆಂಡತಿ ಫೋನಿಗೆ ಫೋಟೊ ಕಳಿಸಿದಳು. ಪವಿತ್ರ ತಲೆ ಬಗ್ಗಿಸಿ ನಡೆಯುತ್ತಿದ್ದಾಳೆ, ಅವಳ ಕೈ ಚಿಕ್ಕಪ್ಪನ ಮಗನ ಕೈಯಲ್ಲಿದೆ. ಹೊಸ ಪಂಚೆ ಉಟ್ಟಿದ್ದಾನೆ. ನನಗೆಂದು ಅಕ್ಕ ತಂದಿಟ್ಟಿದ್ದ ಪಂಚೆ ಅದು, ಅಂಚು ನೋಡಿದ ಕೂಡಲೇ ಗೊತ್ತಾಯಿತು.

ನಾನು ಕೊಳ್ಳೇಗಾಲದಲ್ಲಿ ಇಳಿದು ಒಬ್ಬನೇ ಹೋಗುತ್ತೇನೆ ಎಂದೆ. ಪುಟ್ಟಮಾದಪ್ಪನವರು ಒಪ್ಪಲಿಲ್ಲ.

"ಒಬ್ನೇ ಓದ್ರೆ ನಿಮ್ಮಕ್ಕ ನಿನ್ ಮೇಲ್ ಬೀಳ್ತಾಳೆ. ನಾವೂ ಬತ್ತೀವಿ. ನಾನೇ ಏಳ್ತೀನಿ, ತಪ್ಪು ನಂದು ಅಂತ."

ಹೀಗೆ ಎಂಟೂ ಜನ, ಬೆನ್ನ ಮೇಲೆ ಔಷಧಿಯ ಹೆಸರು ಬರೆದ ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಛತ್ರದ ಬಾಗಿಲಿಗೆ ಹೋಗಿ ನಿಂತೆವು. ಎರಡನೇ ಪಂಕ್ತಿ ಊಟ ನಡೆಯುತ್ತಿತ್ತು. ಪನ್ನೀರು ಎರಚುವ ಹುಡುಗಿಯರು ನನ್ನ ಮೇಲೂ ಎರಚಿದರು.

ಅಕ್ಕ ಬಂದಳು. ಕಣ್ಣು ಕೆಂಪಗಿತ್ತು, ಆದರೆ ಮುಖದಲ್ಲಿ ನಗು ಇತ್ತು. ಬಂದವರನ್ನೆಲ್ಲ ನೋಡಿ ಕೈ ಮುಗಿದಳು. ಪುಟ್ಟಮಾದಪ್ಪನವರು ಬಾಯಿ ತೆರೆಯುವ ಮುನ್ನವೇ, "ಬನ್ನಿ ಬನ್ನಿ ಯಜಮಾನ್ರೇ, ಅಷ್ಟು ದೂರದಿಂದ ಬಂದ್ರಿ, ಸಂತೋಸ. ಮೊದ್ಲು ಊಟುಕ್ ಏಳಿ," ಎಂದಳು. ಅವರು ಆಡಬೇಕೆಂದಿದ್ದ ಮಾತು ಅಲ್ಲಿಗೇ ನಿಂತಿತು. ನಾವು ಸಾಲಾಗಿ ಕೂತೆವು. ನನ್ನ ಎಲೆಗೂ ಬಡಿಸುವವರು ಬಂದು ಬಡಿಸಿದರು. ಸೋದರಮಾವ ಮದುವೆಯಲ್ಲಿ ಎಲೆಯ ಮುಂದೆ ಕೂರುವುದು ಎಲ್ಲರದೂ ಆದ ಮೇಲೆ. ಬಕೆಟ್ಟು ಹಿಡಿದು ಪಂಕ್ತಿಯ ನಡುವೆ ಓಡಾಡಬೇಕಾದವನು ನಾನು. ಆ ಕೆಲಸವನ್ನು ಚಿಕ್ಕಪ್ಪನ ಮಗ ಮಾಡುತ್ತಿದ್ದ. ನನ್ನ ಎಲೆಯ ಹತ್ತಿರ ಬಂದು, "ಪಾಯ್ಸ ಆಕ್ಲಾ?" ಎಂದು ಕೇಳಿದ. ಹಾಕಿಸಿಕೊಂಡೆ. ವರ್ಷಗಳ ಮೇಲೆ ನಮ್ಮಿಬ್ಬರ ನಡುವೆ ನಡೆದ ಮಾತು ಅದೊಂದೇ.

ಊಟ ಮುಗಿಸಿ ಎದ್ದು ಹೆಣ್ಣು ಗಂಡಿಗೆ ಅಕ್ಷತೆ ಹಾಕಿದೆವು. ಪವಿತ್ರ ನನ್ನನ್ನು ನೋಡಿ ತುಟಿ ಕಚ್ಚಿಕೊಂಡಳು. ಮುತ್ತಿನ ಓಲೆಯ ಡಬ್ಬಿ ಕೈಗಿಟ್ಟೆ, ಉಳಿದ ಉಡುಗೊರೆಗಳ ಜೊತೆ ಇಡಲು ಅದನ್ನೂ ಹಿಂದೆ ನಿಂತಿದ್ದವರ ಕೈಗೆ ಕೊಟ್ಟಳು. ಕೆಳಗೆ ಬಾಗಿಲಲ್ಲಿ ಅಕ್ಕ ತಾಂಬೂಲದ ಚೀಲಗಳನ್ನು ಹಂಚುತ್ತ ನಿಂತಿದ್ದಳು. ತೆಂಗಿನಕಾಯಿ, ಎಲೆ ಅಡಿಕೆ ಹಾಕಿದ ಚೀಲ. ಹೊರಗಿನಿಂದ ಬಂದು ಹೋಗುವವರಿಗೆ ಕೊಡುವಂಥದು. ಮನೆಯವರಿಗೆ ಅದನ್ನು ಯಾರೂ ಕೊಡುವುದಿಲ್ಲ, ಮನೆಯವರು ಅಲ್ಲೇ ಉಳಿಯುತ್ತಾರೆ.

ಪುಟ್ಟಮಾದಪ್ಪನವರಿಗೆ ಕೊಟ್ಟಳು. ಸೆಲ್ವರಾಜುವಿಗೆ ಕೊಟ್ಟಳು. ಒಬ್ಬೊಬ್ಬರಿಗೂ ಕೈ ಮುಗಿದು ಕೊಡುತ್ತ ಬಂದಳು. ನಾನು ಪಕ್ಕಕ್ಕೆ ಸರಿದು ಅವಳ ಹಿಂದೆ ನಿಲ್ಲಲು ಹೋದೆ. ಅವಳು ಒಂದು ಚೀಲ ತೆಗೆದು ನನ್ನ ಮುಂದೆ ಹಿಡಿದಳು.

"ಅಕ್ಕ," ಎಂದೆ.

"ತಕೊ," ಎಂದಳು. ದನಿ ಏರಲಿಲ್ಲ. "ವ್ಯಾನು ಕಾಯ್ತಾ ಅದೆ. ಅವ್ರ್ ಜೊತೇಲಿ ಬಂದಿದ್ದೀಯ, ಅವ್ರ್ ಜೊತೇಲೇ ಓಗು."

ತೆಗೆದುಕೊಂಡೆ. ಅವಳು ನನಗೂ ಕೈ ಮುಗಿದಳು. ವ್ಯಾನಿನಲ್ಲಿ ಎಲ್ಲರ ತೊಡೆಯ ಮೇಲೂ ಒಂದೊಂದು ಚೀಲವಿತ್ತು. ಎಂಟು ಜನ, ಎಂಟು ಚೀಲ, ಒಂದೂ ಕಮ್ಮಿ ಇರಲಿಲ್ಲ.